ಮ್ಯೂಸಿಯಂ ಓದಬೇಕೆಂದಿದ್ದೀರಾ? ಮೊದಲು ಒಂದು ವಸ್ತು ಕೈಗೆತ್ತಿಕೊಳ್ಳಿ

ವಸ್ತು ಸಂಗ್ರಹಾಲಯ, ಪರಂಪರೆ, ಸಂರಕ್ಷಣೆ ಇವುಗಳ ಸ್ನಾತಕೋತ್ತರ ಓದಿನ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಒಂಬತ್ತನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದೇ ಮಾಡಿದ್ದೇವೆ. ಹೆಸರು ಬೇಡವೆಂದವರೇ ಹೆಚ್ಚಾದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಬಿ.ಎ.ಯಲ್ಲಿ ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿದ್ದೇನೆ. ಮ್ಯೂಸಿಯಾಲಜಿ (ಮ್ಯೂಸಿಯಂ ಅಧ್ಯಯನ) ಎಂ.ಎ. ಎಲ್ಲೆಲ್ಲಿ ಇದೆ? ನೇರ ಅದಕ್ಕೇ ಸೇರಲೇ, ಮೊದಲು ಇತಿಹಾಸದಲ್ಲಿ ಎಂ.ಎ. ಮುಗಿಸಲೇ? (ಕೊಪ್ಪಳ)

ನಮ್ಮ ದೇಶದಲ್ಲಿ ಈ ವಿಷಯಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮೊದಲು ತೆರೆದದ್ದು ಬರೋಡಾದಲ್ಲಿ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯದಲ್ಲಿ 1952ರಲ್ಲಿ ವಿಭಾಗ ಶುರುವಾಯಿತು. 1959ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಶುರುಮಾಡಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಮತ್ತು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲೂ ವಿಭಾಗಗಳಿವೆ. ದೆಹಲಿಯಲ್ಲಿ 1989ರಲ್ಲಿ ಆರಂಭವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೊಯ್ಡಾದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂಬ ಹೆಸರಿನಲ್ಲಿದೆ. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಅಲ್ಲಿ ಬೇರೆ ಬೇರೆ ಎಂ.ಎ.ಗಳು. ಎರಡು ವರ್ಷ ಕಷ್ಟವೆನ್ನುವವರಿಗೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಇವುಗಳಲ್ಲಿ ಒಂದನ್ನು ಆರಿಸುವಾಗ ಪಠ್ಯಕ್ರಮದ ಪುಟಕ್ಕಿಂತ ಮೊದಲು ನಕ್ಷೆ ನೋಡಿ. ತರಗತಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಯಾವ ಸಂಗ್ರಹ ಇದೆ? ಬರೋಡಾದವರಿಗೆ ಸಯಾಜಿ ಬಾಗ್‌ನಲ್ಲಿ 1894ರ ಮ್ಯೂಸಿಯಂ ಇದೆ. ಬನಾರಸ್‌ನಲ್ಲಿ ಭಾರತ ಕಲಾ ಭವನ ಕ್ಯಾಂಪಸ್ಸಿನ ಒಳಗೇ ಇದೆ. ಕೋಲ್ಕತ್ತದಲ್ಲಿ 1814ರಲ್ಲಿ ಹುಟ್ಟಿದ ಇಂಡಿಯನ್ ಮ್ಯೂಸಿಯಂ ಇದೆ. ವಸ್ತುವೇ ಕೈಗೆ ಸಿಗದ ಕಡೆ ಈ ವಿಷಯ ಓದುವುದು ಕೆರೆಗಿಳಿಯದೆ ಈಜು ಕಲಿತಂತೆ.

ಪ್ರವೇಶದ ಒಂದು ಮುಖ್ಯ ಸಂಗತಿ. ಬನಾರಸ್‌ಗೆ ಸಿಯುಇಟಿ-ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು: 75 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಅರ್ಜಿ ತುಂಬುವಾಗ ಪ್ರಶ್ನೆಪತ್ರಿಕೆಯ ಕೋಡ್ ಆರಿಸಬೇಕಾಗುತ್ತದೆ. ನಿಮಗೆ ಬೇಕಾದ ಕೋರ್ಸಿಗೆ ಆ ವಿಶ್ವವಿದ್ಯಾಲಯ ಯಾವ ಕೋಡ್ ಒಪ್ಪುತ್ತದೆ ಎಂಬುದನ್ನು ಅದರ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಯೇ ಒತ್ತಿ. ಇತಿಹಾಸ ಓದಿದ್ದೇನೆಂದು ಇತಿಹಾಸದ ಕೋಡ್ ಹಾಕಿ, ಒಳ್ಳೆಯ ಅಂಕ ಬಂದಮೇಲೂ ಆ ಅಂಕ ಕೆಲಸಕ್ಕೆ ಬಾರದೆ ಒಂದು ವರ್ಷ ಕಳೆದುಕೊಳ್ಳುವವರಿದ್ದಾರೆ.

ಇನ್ನು ಎರಡನೇ ಪ್ರಶ್ನೆ. ಸರ್ಕಾರಿ ಮ್ಯೂಸಿಯಂ ಹುದ್ದೆ ನಿಮ್ಮ ಗುರಿಯಾದರೆ ಮೊದಲು ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮಾಡಿ, ಆಮೇಲೆ ಡಿಪ್ಲೊಮಾ ಮಾಡಿ ಎಂಬುದು ನಮ್ಮ ಅಭಿಪ್ರಾಯ. ಕ್ಯೂರೇಟರ್ (ಸಂಗ್ರಹದ ಉಸ್ತುವಾರಿ) ಹುದ್ದೆಗಳ ಅಧಿಸೂಚನೆಗಳು ಸಾಮಾನ್ಯವಾಗಿ ಇತಿಹಾಸ, ಪುರಾತತ್ವ, ಕಲಾ ಇತಿಹಾಸದಂಥ ವಿಷಯದ ಎಂ.ಎ. ಕೇಳಿ, ಅದರ ಮೇಲೆ ಮ್ಯೂಸಿಯಾಲಜಿ ಡಿಪ್ಲೊಮಾ ಅಥವಾ ಅನುಭವ ಕೇಳುತ್ತವೆ. ಮೈಸೂರು, ಧಾರವಾಡ, ಹಂಪಿ ಕನ್ನಡ ವಿಶ್ವವಿದ್ಯಾಲಯ ಮೂರರಲ್ಲೂ ಈ ಓದಿಗೆ ವಿಭಾಗಗಳಿವೆ. ಕೊಪ್ಪಳದವರಿಗೆ ಹಂಪಿ ಎಷ್ಟು ದೂರ! ಕಮಲಾಪುರದ ಪುರಾತತ್ವ ಸಂಗ್ರಹಾಲಯವನ್ನು ಈ ಎರಡು ವರ್ಷದಲ್ಲಿ ಇಪ್ಪತ್ತು ಸಲ ನೋಡಬಹುದು. ಪ್ರದರ್ಶನ ವಿನ್ಯಾಸ, ಮಕ್ಕಳ ಶಿಕ್ಷಣ, ಖಾಸಗಿ ಸಂಗ್ರಹಗಳ ನಿರ್ವಹಣೆ ಇವೇ ಇಷ್ಟವೆಂದಾದರೆ ನೇರ ಮ್ಯೂಸಿಯಾಲಜಿಗೇ ಹೋಗಿ.

ಎರಡು ವರ್ಷ ಏನು ಕಲಿಸುತ್ತಾರೆ? "ವಿಗ್ರಹ ಕಾಯುವುದಕ್ಕೂ ಎಂ.ಎ. ಬೇಕೇನಮ್ಮಾ?" ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. (ತುಮಕೂರು)

ಮ್ಯೂಸಿಯಂಗಳ ಇತಿಹಾಸ, ಕಾನೂನು, ಪ್ರದರ್ಶನ, ಶಿಕ್ಷಣ, ಸಂರಕ್ಷಣೆಯ ಮೂಲಪಾಠ, ಇಂಟರ್ನ್‌ಶಿಪ್, ಪ್ರಬಂಧ ಎಲ್ಲ ಕಡೆಯೂ ಇರುತ್ತವೆ. ಅದನ್ನು ಮಾಹಿತಿ ಪುಸ್ತಿಕೆಯಲ್ಲೇ ಓದಿಕೊಳ್ಳಬಹುದು. ಮನೆಯವರಿಗೆ ತೋರಿಸಬೇಕಾದದ್ದು ದಾಖಲಾತಿಯ ಕೆಲಸ. ಮ್ಯೂಸಿಯಂ ನಿಂತಿರುವುದೇ ಅದರ ಮೇಲೆ. ಒಂದು ಬಿದರಿ ಸುರಾಹಿ ಮೇಜಿನ ಮೇಲೆ ಬಂದಿದೆ ಅನ್ನಿ, ಏನೇನು ಮಾಡಬೇಕು ನೋಡೋಣ.

ಮೊದಲು ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು. ಬೆರಳಿನ ಬೆವರಿನ ಉಪ್ಪು ಲೋಹದ ಮೇಲೆ ಗುರುತು ಬಿಟ್ಟು, ಕೆಲವು ತಿಂಗಳಿಗೆ ಅದೇ ಕಲೆಯಾಗುತ್ತದೆ. ಸುರಾಹಿಯನ್ನು ಕತ್ತು ಹಿಡಿದು ಎತ್ತಬಾರದು. ಒಂದು ಕೈ ಬುಡಕ್ಕೆ, ಇನ್ನೊಂದು ಹೊಟ್ಟೆಗೆ. ಕತ್ತು ಮತ್ತು ಒಡಲು ಬೇರೆ ಬೇರೆ ಎರಕ ಹೊಯ್ದು ಬೆಸೆದಿದ್ದರೆ ಬೆಸುಗೆ ಬಿಡುವುದು ಅಲ್ಲಿಯೇ.

ಮುಂದೆ ಸ್ಥಿತಿ ವರದಿ. ಎತ್ತರ, ಬುಡದ ವ್ಯಾಸ, ಬಾಯಿಯ ವ್ಯಾಸವನ್ನು ಸೆಂಟಿಮೀಟರಿನಲ್ಲಿ ಒಂದು ದಶಮಾಂಶ ಸ್ಥಾನದವರೆಗೆ, ತೂಕವನ್ನು ಗ್ರಾಂನಲ್ಲಿ ಬರೆಯಬೇಕು. ಲೋಹ: ಬಹುಪಾಲು ಸತು, ಸ್ವಲ್ಪ ತಾಮ್ರ. ಕೆತ್ತನೆ: ಬೆಳ್ಳಿ ತಂತಿಯ ತಾರ್‌ಕಶಿಯೋ, ತಗಡು ಕೂರಿಸಿದ ತೆಹ್ನಿಶಾನೋ? ಹಾನಿಯನ್ನು "ಅಲ್ಲಲ್ಲಿ ಬೆಳ್ಳಿ ಬಿದ್ದಿದೆ" ಎಂದು ಬರೆದರೆ ಅಧ್ಯಾಪಕರು ಹಾಳೆ ಹಿಂದಿರುಗಿಸುತ್ತಾರೆ. ವಸ್ತುವನ್ನು ಗಡಿಯಾರದ ಮುಖದಂತೆ ಭಾವಿಸಿ, ಮುಂಭಾಗಕ್ಕೆ ಆರು ಗಂಟೆ ಎಂದಿಟ್ಟು, "ನಾಲ್ಕು ಗಂಟೆಯ ಕಡೆ, ಬುಡದಿಂದ 9 ಸೆಂ.ಮೀ. ಮೇಲೆ, ಎರಡು ಎಸಳಿನ ಬೆಳ್ಳಿ ಇಲ್ಲ, ಒಳಗಿನ ತೋಡು ಕಾಣುತ್ತದೆ" ಎಂದು ಬರೆಯಬೇಕು. ಐದು ವರ್ಷದ ಬಳಿಕ ಇನ್ನೊಬ್ಬರು ನೋಡಿದಾಗ ಮೂರನೇ ಎಸಳು ಬಿದ್ದಿದೆಯೇ ಇಲ್ಲವೇ ಎಂದು ತಿಳಿಯುವುದು ಇದರಿಂದಲೇ.

ಒಂದು ಅಪಾಯ ಇಲ್ಲಿದೆ. ಬಿದರಿಯ ಕಪ್ಪು ಕೊಳೆಯಲ್ಲ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಸವರಿದಾಗ ಸತುವಿನ ಭಾಗ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳಗಿ ನಿಲ್ಲುತ್ತದೆ. ಹೊಸಬರು ಹೊಳಪು ಬರಲೆಂದು ಪಾಲಿಶ್ ಹಾಕಿ ತಿಕ್ಕಿದರೆ ಅರ್ಧ ಗಂಟೆಯಲ್ಲಿ ಆ ಕಪ್ಪು ಹೋಗಿ ಬೂದು ಬಣ್ಣದ ಚೊಂಬು ಉಳಿಯುತ್ತದೆ. ಕಸುಬುದಾರರು ಮತ್ತೆ ಕಪ್ಪು ಮಾಡಿಕೊಡಬಲ್ಲರು. ಆದರೆ ಹಳೆಯ ಕಪ್ಪು ಮತ್ತೆ ಬರುವುದಿಲ್ಲ.

ಆಮೇಲೆ ಅಕ್ಸೆಷನ್ ನಂಬರ್, ಅಂದರೆ ಸಂಗ್ರಹಕ್ಕೆ ಸೇರಿದ ವಸ್ತುವಿನ ಗುರುತು ಸಂಖ್ಯೆ. 2025.12.3 ಎಂದರೆ 2025ನೇ ಇಸವಿ, ಆ ವರ್ಷ ಬಂದ ಹನ್ನೆರಡನೇ ಕಂತು, ಅದರಲ್ಲಿ ಮೂರನೇ ವಸ್ತು. ವಸ್ತುವಿನ ಮೇಲೆ ನೇರ ಬರೆಯುವ ಹಾಗಿಲ್ಲ. 15 ಗ್ರಾಂ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ಅಂಟಿನ ಹರಳಿಗೆ ಅಸಿಟೋನ್ ಸೇರಿಸಿ 100 ಮಿ.ಲೀ. ಮಾಡಿಟ್ಟುಕೊಂಡು, ಕಣ್ಣಿಗೆ ಬೀಳದ, ನೆಲಕ್ಕೆ ತಾಗದ ಜಾಗದಲ್ಲಿ ಬೆರಳುಗುರಿನಷ್ಟಗಲ ಒಂದು ಲೇಪ ಕೊಡಬೇಕು. ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ, ಅದರ ಮೇಲೆ ಇನ್ನೊಂದು ಲೇಪ. ಬೇಡವಾದಾಗ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಎಲ್ಲವೂ ಹೋಗುತ್ತದೆ. ಮಳೆಗಾಲದಲ್ಲಿ ಈ ಲೇಪ ಹಾಲಿನಂತೆ ಬೆಳ್ಳಗಾಗುವುದುಂಟು. ಅಸಿಟೋನ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುವುದೇ ಕಾರಣ. ಒಣ ಹವೆಯ ದಿನ ನೋಡಿ ಮತ್ತೆ ಮಾಡಬೇಕು. ಇಷ್ಟೆಲ್ಲ ಹೇಳಿ, ನಮ್ಮ ಸುರಾಹಿಗೆ ಇದು ಒಪ್ಪುವುದಿಲ್ಲ. ಬಿದರಿಗೆ ಎಣ್ಣೆ ಸವರಿರುತ್ತದೆ, ಲೇಪ ಹಿಡಿಯದೆ ಸಿಪ್ಪೆ ಏಳುತ್ತದೆ. ಅದಕ್ಕೆ ಹತ್ತಿ ದಾರದಲ್ಲಿ ಕಟ್ಟಿದ ಚೀಟಿಯೇ ಸರಿ. ಬಟ್ಟೆಯಾದರೆ ಸಂಖ್ಯೆ ಬರೆದ ಹತ್ತಿ ಪಟ್ಟಿಯನ್ನು ಅಂಚಿಗೆ ಸಡಿಲವಾಗಿ ಹೊಲಿಯುತ್ತಾರೆ, ಕಾಗದವಾದರೆ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲ್.

ಕೊನೆಗೆ ರಿಜಿಸ್ಟರ್, ಇದನ್ನೆಲ್ಲ ಬರೆದಿಡುವ ಪುಸ್ತಕ. ಅದರಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲ, ವೈಟ್‌ನರ್ ಅಂತೂ ಮಹಾಪರಾಧ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಕೇಂದ್ರ ಸರ್ಕಾರದ ಮ್ಯೂಸಿಯಂಗಳಲ್ಲಿ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ರೂಪಿಸಿದ 'ಜತನ್' ತಂತ್ರಾಂಶ ಬಂದಿದೆ. ಹಾಗಿದ್ದರೂ ಕಳವಿನ ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಮೊದಲು ಕೇಳುವುದು ಈ ಪುಸ್ತಕವನ್ನೇ.

ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದೇನೆ. ಸಂರಕ್ಷಣೆ ಓದಲು ಇದು ಅನುಕೂಲವೇ? ಕರ್ನಾಟಕದಲ್ಲೇ ಸ್ವಲ್ಪ ಅನುಭವ ಪಡೆಯಬಹುದೇ? (ಶಿವಮೊಗ್ಗ)

ಅನುಕೂಲವಷ್ಟೇ ಅಲ್ಲ, ಬೇಡಿಕೆಯೂ ಇದೆ. ಸಂರಕ್ಷಣೆ ಎಂದರೆ ಬಹುಪಾಲು ದ್ರಾವಕ, ಆಮ್ಲ, ಲವಣ, ತೇವಾಂಶಗಳ ಲೆಕ್ಕ. ಚಿತ್ರಕಲೆ ಓದಿದವರಿಗೆ ಕೈ ಪಳಗಿರುತ್ತದೆ, ನಿಮಗೆ ಕಾರಣ ಗೊತ್ತಿರುತ್ತದೆ. ಎರಡೂ ಇಲ್ಲದೆ ಬರುವವರಿಗೆ ಮೊದಲ ಸೆಮಿಸ್ಟರ್ ಕಷ್ಟ. ನೀವು ಈಗಿನಿಂದಲೇ ಚಿತ್ರ ಬರೆಯುವುದನ್ನು ರೂಢಿ ಮಾಡಿಕೊಳ್ಳಿ. ವಸ್ತುವಿನ ರೇಖಾಚಿತ್ರ ಬರೆದು ಹಾನಿಯ ಜಾಗ ಗುರುತಿಸುವುದು ದಿನದ ಕೆಲಸ. ಬಣ್ಣಗಳ ನಡುವಿನ ಸಣ್ಣ ವ್ಯತ್ಯಾಸ ಹಿಡಿಯಲಾರದವರಿಗೆ ವರ್ಣಚಿತ್ರದ ಕೆಲಸ ಕಷ್ಟವಾಗುತ್ತದೆ. ಅದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ.

ಲಖನೌದಲ್ಲಿ 1976ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸ್ವತ್ತಿನ ಸಂರಕ್ಷಣೆಯ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ, ಎನ್‌ಆರ್‌ಎಲ್‌ಸಿ, ತರಬೇತಿ ನಡೆಸುತ್ತದೆ. ಅದರ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಇಂಥ ಕಡೆ ಕೆಲಸ ಕೇಳುವ ಪತ್ರದಲ್ಲಿ "ಪುರಾತನ ವಸ್ತುಗಳ ಬಗ್ಗೆ ಅಪಾರ ಆಸಕ್ತಿ" ಎಂದು ಬರೆಯುವ ಬದಲು ನಿಮಗೆ ಬರುವ ಪ್ರಯೋಗಗಳನ್ನು ಬರೆಯಿರಿ: ಪಿಎಚ್ ಅಳೆಯುವುದು, ಟೈಟ್ರೇಶನ್, ಕ್ಲೋರೈಡ್ ಪರೀಕ್ಷೆ.

ಕ್ಲೋರೈಡ್ ಎಂದದ್ದಕ್ಕೆ ಕಾರಣವಿದೆ. ಮಣ್ಣಿನಿಂದ ಬಂದ ಕಂಚಿನ ವಿಗ್ರಹದ ಮೇಲೆ ಎರಡು ಬಗೆಯ ಹಸಿರು ಇರುತ್ತದೆ. ಗಟ್ಟಿಯಾಗಿ ಹತ್ತಿದ ಕಡು ಹಸಿರು ತನ್ನ ಪಾಡಿಗೆ ಇರುತ್ತದೆ, ಲೋಹವನ್ನು ಕಾಯುತ್ತದೆ. ಅಲ್ಲಲ್ಲಿ ಚುಕ್ಕೆಯಂತೆ ಎದ್ದು, ಮುಟ್ಟಿದರೆ ಪುಡಿಯಾಗುವ ತಿಳಿ ಹಸಿರು ಕಂಡರೆ ಅದು ಕಂಚಿನ ರೋಗ. ಒಳಗಿನ ತಾಮ್ರದ ಕ್ಲೋರೈಡ್ ಗಾಳಿಯ ತೇವ ಹೀರಿ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಇದನ್ನು ಹುಣಸೆಹಣ್ಣು ಹಾಕಿ ಬೆಳಗಿದರೆ ಒಳ್ಳೆಯ ಹಸಿರೂ ಹೋಗಿ ರೋಗ ಒಳಗೇ ಉಳಿಯುತ್ತದೆ. ಮಾಡಬೇಕಾದ ಮೊದಲ ಕೆಲಸ ಸರಳ: ಆ ವಿಗ್ರಹವನ್ನು ಉಳಿದವುಗಳಿಂದ ಬೇರೆ ಇಟ್ಟು, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ತೇವ ಹೀರುವ, ಒಣಗಿಸಿದ ಸಿಲಿಕಾ ಜೆಲ್ ಜೊತೆ ಇರಿಸಿ, ತೇವಾಂಶವನ್ನು ಶೇ 40ಕ್ಕಿಂತ ಕೆಳಗೆ ತರುವುದು. ಚಿಕಿತ್ಸೆ ಆಮೇಲೆ. ಅದೇ ಶೇ 40 ತಾಳೆಗರಿಗೆ ಒಳ್ಳೆಯದಲ್ಲ, ಗರಿ ಒಣಗಿ ಸೀಳುತ್ತದೆ. ಅದಕ್ಕೆ ಶೇ 50ರ ಆಸುಪಾಸು, ಬೆಳಕು 50 ಲಕ್ಸ್ ಮೀರದಂತೆ. ಮರ, ಲೋಹ, ಗರಿ, ಬಟ್ಟೆ ಎಲ್ಲವನ್ನೂ ಒಂದೇ ಗಾಜಿನ ಕಪಾಟಿನಲ್ಲಿ ತುಂಬಿಟ್ಟಿರುವುದನ್ನು ಕಂಡಾಗ ಈ ವೃತ್ತಿಯವರ ಹೊಟ್ಟೆ ಉರಿಯುವುದು ಇದಕ್ಕೇ.

ಪ್ರವೇಶದ ಅರ್ಜಿಗೆ ಉದ್ದೇಶ ಪತ್ರ ಬರೆದಿದ್ದೇನೆ. "ಚಿಕ್ಕಂದಿನಿಂದಲೂ ನನಗೆ ನಮ್ಮ ಭವ್ಯ ಪರಂಪರೆಯೆಂದರೆ ಪ್ರಾಣ" ಎಂದು ಶುರುಮಾಡಿದ್ದೇನೆ. ಸರಿಯೇ? (ಮಂಗಳೂರು)

ಆ ವಾಕ್ಯವನ್ನು ಹೊಡೆದುಹಾಕಿ. ಆಯ್ಕೆ ಸಮಿತಿಯವರು ಆ ದಿನ ಅದೇ ವಾಕ್ಯವನ್ನು ಬೇರೆ ಬೇರೆ ಅಕ್ಷರದಲ್ಲಿ ಹಲವು ಸಲ ಓದಿರುತ್ತಾರೆ.

ನೀವು ಬಲ್ಲ ಒಂದೇ ವಸ್ತುವಿನಿಂದ ಶುರುಮಾಡಿ. ಉದಾಹರಣೆಗೆ, ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿ ಬೇಗೂರಿನಿಂದ ಬಂದ ವೀರಗಲ್ಲಿದೆ, ಗಂಗ-ನೊಳಂಬರ ಕಾಳಗದ್ದು. ಅದರ ಮುಂದೆ ಹತ್ತು ನಿಮಿಷ ನಿಂತು ಜನ ಏನು ಮಾಡುತ್ತಾರೆ ನೋಡಿ. ಆನೆ, ಕುದುರೆ, ಬಿದ್ದವರ ಗುಂಪು ನೋಡಿ ಮುಂದೆ ಹೋಗುತ್ತಾರೆ, ಯಾರು ಗೆದ್ದರು, ಕಲ್ಲು ಯಾರಿಗಾಗಿ ನಿಂತಿತು ಎಂದು ತಿಳಿಯದೆ. ಸಾಮಾನ್ಯ ವೀರಗಲ್ಲಾದರೆ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಫಲಕ ಹೇಳದಿದ್ದರೆ ಜನ ಪುಸ್ತಕದಂತೆ ಮೇಲಿನಿಂದ ನೋಡಿ ಗೊಂದಲಪಡುತ್ತಾರೆ. "ವೀರಗಲ್ಲು, ಶಿಲೆ, 10ನೇ ಶತಮಾನ" ಎಂಬ ನಾಲ್ಕು ಪದದ ಫಲಕವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ ಎಂದು ನಿಮ್ಮ ನಲವತ್ತು ಪದಗಳನ್ನು ಪತ್ರದಲ್ಲೇ ಕೊಡಿ. ಮುಂದಿನ ಪ್ಯಾರಾದಲ್ಲಿ ಇದನ್ನು ಕಲಿಯಲು ಆ ವಿಭಾಗವೇ ಏಕೆ, ಅಲ್ಲಿನ ಯಾವ ಪತ್ರಿಕೆ ಎಂಬುದು ಬರಲಿ. ಎಲ್ಲ ಸೇರಿ ಎರಡು ಪುಟ ಮೀರದಿರಲಿ. ತುಳು, ಕನ್ನಡ, ಕೊಂಕಣಿ ಮೂರೂ ಬರುತ್ತವೆಂದು ಕೊನೆಯ ಸಾಲಿನಲ್ಲಿ ಅಡಗಿಸಿದ್ದೀರಿ. ಅದನ್ನು ಮೇಲೆ ತನ್ನಿ. ಹಳಗನ್ನಡ ಲಿಪಿ ಅಥವಾ ತುಳುನಾಡಿನ ಹಳೆಯ ಲಿಪಿ ತಿಗಳಾರಿ ಓದಲು ಬಂದರೆ ಇನ್ನೂ ಮೇಲೆ.

ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಸಿಗುತ್ತದೆಯೇ? ನಾನು ಪರಿಶಿಷ್ಟ ಜಾತಿಗೆ ಸೇರಿದ್ದೇನೆ. (ಕಲಬುರಗಿ)

ಮೊದಲು ಒಂದು ಎಚ್ಚರಿಕೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022ರ ಮಾರ್ಗಸೂಚಿಯಲ್ಲಿ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಮಾಜ ಅಧ್ಯಯನದ ವಿಷಯಗಳನ್ನು ಹೊರಗಿಟ್ಟರು. ಇದನ್ನು ಟೀಕಿಸಿದವರು ಬಹಳ. ನಮ್ಮ ಅಭಿಪ್ರಾಯದಲ್ಲೂ ಇದು ಅನ್ಯಾಯವೇ: ಯಾರ ಪರಂಪರೆ ಮ್ಯೂಸಿಯಂ ಸೇರುತ್ತದೆ ಎಂದು ಪ್ರಶ್ನಿಸಬೇಕಾದವರಿಗೇ ಬಾಗಿಲು ಮುಚ್ಚಿದಂತಾಯಿತು. ನೀವು ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯಲ್ಲಿ ಈ ಷರತ್ತನ್ನು ಮೊದಲು ಹುಡುಕಿ. ಹೊರದೇಶದ ಓದಿಗೆ ನೆರವಾಗುವ, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಬೇರೆಯದು. ಅದರಲ್ಲೂ ವಿಷಯಗಳ ಪಟ್ಟಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು.

ಬ್ರಿಟನ್ ಸರ್ಕಾರದ ವಿದ್ಯಾರ್ಥಿವೇತನ ಚೀವ್ನಿಂಗ್‌ಗೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಸ್ವಯಂಸೇವೆಯೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಮ್ಯೂಸಿಯಂನಲ್ಲಿ ಮಾಡಿದ ಪ್ರತಿ ವಾರದ ಗಂಟೆಗಳನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಸಹಿ ಹಾಕಿಸಿಕೊಳ್ಳಿ. ಓದಿನ ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತಿದೆ. ಅಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಮ್ಯೂಸಿಯಂ ಅಧ್ಯಯನ ವಿಭಾಗ 1966ರಿಂದ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈ ಓದು ಪುರಾತತ್ವ ಸಂಸ್ಥೆಯೊಳಗಿದೆ. ಬ್ರಿಟನ್ ಎಂ.ಎ. ಒಂದೇ ವರ್ಷದ್ದು ಎಂಬುದು ಖರ್ಚಿಗೆ ಹಿತ, ಕಲಿಕೆಗೆ ಅಷ್ಟಿಲ್ಲ. ಮನೆ ಹುಡುಕಿ ಊರು ತಿಳಿಯುವಷ್ಟರಲ್ಲಿ ಪ್ರಬಂಧದ ಸಮಯ ಬಂದಿರುತ್ತದೆ. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳಲ್ಲಿ ಆಯ್ಕೆಯಾದವರಿಗೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಕೊಡುತ್ತಾರೆ. ಪರಂಪರೆಯ ವಿಷಯದ ಕೋರ್ಸುಗಳೂ ಅವುಗಳಲ್ಲಿವೆ. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಯುತ್ತವೆ, ಪಾಸ್‌ಪೋರ್ಟನ್ನು ದಸರೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಹಾವೇರಿಯವನು, ಈಗ ಬರೋಡಾದಲ್ಲಿ ಎರಡನೇ ವರ್ಷ. "ಕರ್ನಾಟಕದ ಮ್ಯೂಸಿಯಂಗಳು ಮತ್ತು ಪ್ರೇಕ್ಷಕರು" ಎಂಬ ಪ್ರಬಂಧ ಬರೆಯಬೇಕೆಂದಿದ್ದೇನೆ. ಹೇಗೆ ಮಾಡಲಿ?

ವಿಷಯ ಹಾಸಿಗೆಗಿಂತ ದೊಡ್ಡದು. ಒಂದು ಮ್ಯೂಸಿಯಂ, ಅದರಲ್ಲಿ ಒಂದು ಕೋಣೆ, ಹೆಚ್ಚೆಂದರೆ ಇಪ್ಪತ್ತು ವಸ್ತು. ಬಾದಾಮಿಯದೋ ಹಳೇಬೀಡಿನದೋ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯ ತೆಗೆದುಕೊಳ್ಳಿ. ಗುಹೆ ಅಥವಾ ದೇಗುಲ ನೋಡಿ ದಣಿದು ಬಂದ ಜನ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೇ ಒಳ್ಳೆಯ ಪ್ರಶ್ನೆ.

ಕೋಣೆಯ ನಕ್ಷೆಯನ್ನು ಎ4 ಹಾಳೆಯಲ್ಲಿ ಬರೆದು ವಸ್ತುಗಳಿಗೆ ಸಂಖ್ಯೆ ಕೊಡಿ. ಅರವತ್ತು ಪ್ರತಿ ತೆಗೆಸಿ, ಒಬ್ಬ ಪ್ರೇಕ್ಷಕರಿಗೆ ಒಂದು ಹಾಳೆ. ಬಾಗಿಲಲ್ಲಿ ಕಾಲ್ಪನಿಕ ಗೆರೆ ಎಳೆದುಕೊಂಡು ಅದನ್ನು ದಾಟುವ ಪ್ರತಿ ಐದನೇ ವಯಸ್ಕರನ್ನು ಹಿಂಬಾಲಿಸಿ. ನೀವೇ ಆರಿಸಿದರೆ ಗೊತ್ತಿಲ್ಲದೆ ಆಸಕ್ತಿ ಇರುವವರ ಮುಖವನ್ನೇ ಆರಿಸುತ್ತೀರಿ. ಎರಡೂ ಪಾದ ಊರಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಅದು 'ನಿಲುಗಡೆ'. ಗೆರೆಯಲ್ಲಿ ನಡೆದ ದಾರಿ, ಚುಕ್ಕೆಯಲ್ಲಿ ನಿಲುಗಡೆ, ಪಕ್ಕದಲ್ಲಿ ಸೆಕೆಂಡು ಬರೆಯಿರಿ. ಸೆಲ್ಫಿಗೆ ಬೇರೆ ಗುರುತು. ಹೊರಬಂದ ಮೇಲೆ ಮೂರೇ ಪ್ರಶ್ನೆ, ಕನ್ನಡದಲ್ಲಿ.

ಕೆಡುವುದು ಎಲ್ಲಿ? ಶಾಲಾ ಪ್ರವಾಸದ ಬಸ್ಸು ಬಂದರೆ ಆ ಹೊತ್ತಿನ ಅಳತೆಯೆಲ್ಲ ಹಾಳು. ಡಿಸೆಂಬರ್-ಜನವರಿ ಬಿಟ್ಟುಬಿಡಿ, ಅಥವಾ ಅದನ್ನೇ ಬೇರೆ ಗುಂಪಾಗಿ ಲೆಕ್ಕ ಹಾಕಿ. ಭಾನುವಾರವನ್ನೂ ವಾರದ ದಿನವನ್ನೂ ಬೆರೆಸಬೇಡಿ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿ, ಬರೋಡಾದಿಂದ ಬಂದು ಮುಚ್ಚಿದ ಬಾಗಿಲು ನೋಡಬೇಡಿ. ಲಿಖಿತ ಅನುಮತಿಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿ, ಛಾಯಾಚಿತ್ರದ ಅನುಮತಿಯನ್ನು ಅದರಲ್ಲೇ ಪ್ರತ್ಯೇಕವಾಗಿ ಕೇಳಿ.

ಫಲಕಗಳನ್ನೂ ಅಳೆಯುತ್ತೀರಾದರೆ ಒಂದು ಸೂಕ್ಷ್ಮ ಗಮನಿಸಿ. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗದಿರಲೆಂದು ಅಕ್ಷರ ಚಿಕ್ಕದು ಮಾಡುತ್ತಾರೆ, ಆಮೇಲೆ ಕನ್ನಡವನ್ನು ಯಾರೂ ಓದುವುದಿಲ್ಲ ಎನ್ನುತ್ತಾರೆ. ಎರಡೂ ಭಾಷೆಯ ಅಕ್ಷರದ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕ ಮಾಡಿದರೆ ನಿಮ್ಮ ಪ್ರಬಂಧದ ಅತ್ಯಂತ ಉಪಯುಕ್ತ ಪುಟ ಅದೇ ಆದೀತು.

ನಮ್ಮ ತಾತನ ಕಾಲದ ತಾಳೆಗರಿ ಕಟ್ಟು ಮನೆಯಲ್ಲಿದೆ. ಅದರ ಮೇಲೆಯೇ ಪ್ರಾಜೆಕ್ಟ್ ಮಾಡಬಹುದೇ? ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ? (ಹಾಸನ)

ಇಟ್ಟುಕೊಳ್ಳುವುದು ಅಪರಾಧವಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಸಾಮಾನ್ಯ ವಸ್ತುವಿಗೆ 100 ವರ್ಷ, ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವಿರುವ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಅದು ಪುರಾವಸ್ತು. ಗರಿಗಳಲ್ಲಿ ಚಿತ್ರಗಳಿದ್ದರೆ ನೋಂದಣಿ ಮಾಡಿಸಬೇಕಾಗುತ್ತದೆ. ಹೊರದೇಶಕ್ಕೆ ಒಯ್ಯುವಂತಿಲ್ಲ.

ಪ್ರಾಜೆಕ್ಟ್ ಧಾರಾಳವಾಗಿ ಮಾಡಿ. ಮೊದಲು ಕಟ್ಟನ್ನು ಬಿಚ್ಚುವಾಗ ಇರುವ ಕ್ರಮದಲ್ಲೇ ಪ್ರತಿ ಗರಿಯ ಎರಡೂ ಮುಖದ ಫೋಟೊ ತೆಗೆಯಿರಿ. ಇಲ್ಲಿ ಹತ್ತಿಯ ಕೈಗವಸಿಗಿಂತ ತೊಳೆದು ಒರೆಸಿದ ಬರಿಗೈ ಮೇಲು, ಹತ್ತಿಯ ಎಳೆ ಗರಿಯ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ, ಸೆಲೊಟೇಪ್, ಫೆವಿಕಾಲ್, ಲ್ಯಾಮಿನೇಶನ್ ನಾಲ್ಕೂ ಬೇಡ. ಹುಳ ಇದ್ದರೆ, ತಾತ್ಕಾಲಿಕವಾಗಿ ಮಾತ್ರ, ಪಾಲಿಥಿನ್‌ನಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡುವ ಪದ್ಧತಿಯಿದೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಗರಿಯ ಮೇಲೆ ನೀರು ಕೂರುತ್ತದೆ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಅರೆಬರೆ ಚಳಿಗೆ ಹುಳ ಒಗ್ಗಿಕೊಳ್ಳುತ್ತದೆ, ಮೈಸೂರಿನ ಪ್ರಯೋಗಾಲಯವನ್ನೇ ಕೇಳಿ.

ಓದಿದ ಮೇಲೆ ಕೆಲಸ? (ಬೆಂಗಳೂರು)

ಪುರಾತತ್ವ ಸರ್ವೇಕ್ಷಣ ಇಲಾಖೆ ಮತ್ತು ರಾಷ್ಟ್ರೀಯ ಸಂಗ್ರಹಾಲಯದ ಅಧಿಕಾರಿ ಹುದ್ದೆಗಳಿಗೆ ಯುಪಿಎಸ್‌ಸಿ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕೆಪಿಎಸ್‌ಸಿ. ಹುದ್ದೆ ಕಡಿಮೆ, ಅಧಿಸೂಚನೆ ಯಾವಾಗ ಬರುತ್ತದೆಂದು ಲೆಕ್ಕವಿಲ್ಲ. ಅದನ್ನೇ ನಂಬಿ ಕೂರಬೇಡಿ. ಅಧ್ಯಾಪಕರಾಗುವವರು ಯುಜಿಸಿ ನೆಟ್‌ನಲ್ಲಿ 'ಮ್ಯೂಸಿಯಾಲಜಿ ಮತ್ತು ಸಂರಕ್ಷಣೆ' ಎಂಬ ಪ್ರತ್ಯೇಕ ವಿಷಯವೇ ಇರುವುದನ್ನು ಗಮನಿಸಿ: ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ.

ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಂಥ ವಿಜ್ಞಾನ ಕೇಂದ್ರಗಳ ಕ್ಯೂರೇಟರ್ ಹುದ್ದೆಗೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಕೇಳುತ್ತಾರೆ. ಮ್ಯೂಸಿಯಾಲಜಿ ಎಂ.ಎ. ಹಿಡಿದು ಹೋದವರು ಬರಿಗೈಲಿ ಬರುತ್ತಾರೆ. ಬೆಂಗಳೂರಿನಲ್ಲಿ ಖಾಸಗಿ ಮ್ಯೂಸಿಯಂಗಳು ಬಂದಿವೆ. ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ 2019ರಲ್ಲಿ, ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ 2023ರಲ್ಲಿ ತೆರೆದವು. ಖಾಸಗಿ ಸಂಗ್ರಹಗಳಲ್ಲಿ ಕೆಲಸ ಕೊಡುವವರಿಗೆ ಬೇಕಾದದ್ದು ಕ್ಯಾಟಲಾಗ್ ಮಾಡುವ, ಸಾಗಣೆಗೆ ಪ್ಯಾಕ್ ಮಾಡುವ, ವಿಮೆಯ ಕಾಗದಪತ್ರ ಅರಿತ ಕೈ. ಸಂದರ್ಶನಕ್ಕೆ ಹೋಗುವಾಗ ನೀವೇ ಮಾಡಿದ ಹತ್ತು ಸ್ಥಿತಿ ವರದಿಗಳ ಫೈಲು ಜೊತೆಗಿರಲಿ. ಆರಂಭದ ಸಂಬಳ ಐಟಿಯವರ ಮುಂದೆ ಹೇಳಿಕೊಳ್ಳುವಂಥದ್ದಲ್ಲ ಎಂಬುದನ್ನೂ ಮನೆಯಲ್ಲಿ ಮೊದಲೇ ಹೇಳಿಬಿಡಿ.

ಪ್ರೌಢಶಾಲಾ ಶಿಕ್ಷಕಿ, ವಯಸ್ಸು 41. ಕೆಲಸ ಬಿಡದೆ ಓದಬಹುದೇ? (ಉಡುಪಿ)

ಲೆಸ್ಟರ್ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲೂ ಕಲಿಸುತ್ತದೆ, ಆದರೆ ಶುಲ್ಕ ಪೌಂಡಿನಲ್ಲಿ. ಚೀವ್ನಿಂಗ್ ದೂರಶಿಕ್ಷಣಕ್ಕೆ ಸಿಗುವುದಿಲ್ಲ. ಅದಕ್ಕಿಂತ ಮೊದಲು ಬೇಸಿಗೆ ರಜೆಯಲ್ಲಿ ಒಂದು ಕೆಲಸ ಮಾಡಿ ನೋಡಿ, ಮೇಡಂ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನಿಮಗೆ ಹತ್ತಿರ. ಅಲ್ಲಿನ ಒಂದು ಮನೆಯನ್ನು ಆರಿಸಿಕೊಂಡು ಎಂಟನೇ ತರಗತಿಯ ಮಕ್ಕಳಿಗೆ ನಲವತ್ತು ನಿಮಿಷದ ಪಾಠ ಬರೆಯಿರಿ, ಐದು ವಸ್ತು ಮೀರದಂತೆ. ಅದನ್ನು ಎರಡು ಬ್ಯಾಚಿಗೆ ನಡೆಸಿ, ಮಕ್ಕಳು ಎಲ್ಲಿ ಆಕಳಿಸಿದರು ಎಂದು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲಿಗೆ ಅರ್ಜಿ ಹಾಕಿದರೂ ಆ ಟಿಪ್ಪಣಿಯನ್ನೇ ಮೊದಲು ಲಗತ್ತಿಸಿ.